ಪ್ಲಾಸ್ಟಿಕ್ ಹೊದ್ದ ನಿಶ್ಚಿತಾರ್ಥ

ಕೋಕಂದದ ಹಲ್ವಾ ಬೀದಿಯಲ್ಲಿ ಎರ್ಗಶ್‌ನಷ್ಟು ಸೊಗಸಾಗಿ ತಲೆಯಾಡಿಸುವವನು ಇನ್ನೊಬ್ಬನಿರಲಿಲ್ಲ. ಡಾಕ್ಟರು ಬಾಯಿಗೆ ಬಾರದ ಕಾಯಿಲೆಯ ಹೆಸರು ಹೇಳಲಿ, ಇಮಾಮರು ಅರಬ್ಬಿಯಲ್ಲಿ ಓದಲಿ, ಕರೆಂಟ್ ಆಫೀಸಿನವರು ಮೀಟರು ತೋರಿಸಿ ಗದರಲಿ, ಅವನ ತಲೆ ಒಂದೇ ಹದದಲ್ಲಿ ಮೇಲೆ ಕೆಳಗೆ ಆಡುತ್ತಿತ್ತು. ಜೊತೆಗೆ ಕಣ್ಣನ್ನು ಅರ್ಧ ಮುಚ್ಚಿ ಒಂದು ಹ್ಞೂಂಕಾರ: ಇದೆಲ್ಲ ನನಗೆ ಮೊದಲೇ ಗೊತ್ತಿತ್ತು ಎನ್ನುವ ಹಾಗೆ. ಈ ವಿದ್ಯೆಯಿಂದ ಅವನಿಗೆ ಅಲ್ಲಿಯವರೆಗೆ ಯಾವ ತೊಂದರೆಯೂ ಆಗಿರಲಿಲ್ಲ. ಹಲ್ವಾ ಮಾಡುವುದಕ್ಕೆ ತಲೆಯಾಡಿಸಬೇಕಾಗಿಲ್ಲ, ಬಾಣಲೆಯಲ್ಲಿ ಕೈಯಾಡಿಸಿದರೆ ಸಾಕು. ಅದನ್ನು ಅಪ್ಪನಿಂದ ಸರಿಯಾಗಿಯೇ ಕಲಿತಿದ್ದ.

ತೊಂದರೆ ಶುರುವಾದದ್ದು ಮಗಳು ಮೋಹಿರಾಳನ್ನು ನೋಡಲು ಮರ್ಗಿಲಾನದಿಂದ ಹೆಂಗಸರು ಬಂದ ದಿನ. ರೇಷ್ಮೆ ವ್ಯಾಪಾರದ ದೊಡ್ಡ ಮನೆತನ. ಹುಡುಗನ ತಾಯಿ ಹುಡುಗಿಯನ್ನು ನೋಡಿದರು, ಮೆಚ್ಚಿದರು. ಹಲ್ವಾ ತಿಂದರು, ಇನ್ನೂ ಮೆಚ್ಚಿದರು. ಎದ್ದು ಹೊರಡುವಾಗ ಎರ್ಗಶ್‌ನ ಹೆಂಡತಿ ಇನೋಬತ್ ಕಾಗದದಲ್ಲಿ ಒಂದಿಷ್ಟು ಹಲ್ವಾ ಕಟ್ಟಿ ಕೈಗಿತ್ತಳು. "ನೀವು ಇನ್ನೂ ಕಾಗದದಲ್ಲೇ ಕಟ್ತೀರಾ?" ಎಂದು ಆಕೆ ಕೇಳಿದರು. ಪರದೆಯ ಹಿಂದೆ ಉಸಿರು ಹಿಡಿದು ನಿಂತಿದ್ದ ಎರ್ಗಶ್‌ಗೆ ಕಿವಿಯಲ್ಲಿ ಕಾದ ಸಕ್ಕರೆ ಪಾಕ ಹೊಯ್ದಂತಾಯಿತು.

"ಕೇಳಿದ್ಯೇನೇ? ಕಾಗದ ಅಂದ್ರು!" ಬಂದವರು ಬೀದಿ ದಾಟುವ ಮೊದಲೇ ಅವನು ಹೆಂಡತಿಯ ಮುಂದೆ ನಿಂತ.

"ಕಾಗದಾನ ಕಾಗದ ಅನ್ನದೆ ರೇಷ್ಮೆ ಅಂತಾರೇನ್ರೀ?"

"ನಿನಗೆ ಅರ್ಥ ಆಗಲ್ಲ. ಅದು ದೊಡ್ಡ ಮನೆಯವರು ಚುಚ್ಚೋ ರೀತಿ. ಹಲ್ವಾ ಚೆನ್ನಾಗಿದೆ, ಆದ್ರೆ ನೀವು ತೀರಾ ಹಳ್ಳಿ ಗುಗ್ಗುಗಳು ಅಂತ ಅರ್ಥ."

"ಆಯಮ್ಮ ಸುಮ್ನೆ ಒಂದು ಮಾತು ಕೇಳಿದ್ರು, ಅಷ್ಟೇ. ಹೋಗಿ ಬಾಣಲೆ ನೋಡ್ಕೊಳ್ಳಿ, ತಳ ಹಿಡಿಯುತ್ತೆ."

ಎರ್ಗಶ್ ಬಾಣಲೆ ನೋಡಿಕೊಳ್ಳಲಿಲ್ಲ. ಆ ವಾರ ಗೆಳೆಯರೆಲ್ಲ ಸೇರಿ ಪಲೋವ್ ತಿನ್ನುವ ಕೂಟ ಸೊಬಿರ್‌ನ ಮನೆಯಲ್ಲಿತ್ತು. ಸೊಬಿರನದೂ ಅದೇ ಬೀದಿಯಲ್ಲಿ ಹಲ್ವಾ ಅಂಗಡಿ. ಅವನ ಬಾಯಿ ಅವನ ಹಲ್ವಾಕ್ಕಿಂತ ಹೆಸರುವಾಸಿ. ಮಾತಿಗೆ ಮಾತು ಬಂದು, ನಮಂಗಾನದ ಯಾರೋ ಹಲ್ವಾ ಡಬ್ಬಿಗೆ ಮಿಷನ್ನಿನಲ್ಲಿ ಪ್ಲಾಸ್ಟಿಕ್ ಹೊದಿಸುತ್ತಾರಂತೆ, ಬಿಸಿ ತಾಗಿದ ಕೂಡಲೇ ಹಾಳೆ ಮುದುರಿ ಮೈಗಂಟಿಕೊಳ್ಳುತ್ತದಂತೆ ಎಂದು ಯಾರೋ ಹೇಳಿದರು.

"ಅಂತೆ ಏನು? ಅದರಲ್ಲಿ ನಾಲ್ಕೈದು ಜಾತಿ ಇದೆ," ಎಂದ ಎರ್ಗಶ್, ಅನ್ನದಿಂದ ಮಾಂಸದ ತುಂಡೊಂದನ್ನು ಹೆಕ್ಕುತ್ತ. "ಯಾವುದು ಯಾವುದಕ್ಕೆ ಅಂತ ತಿಳಿದವರು ಕಡಿಮೆ."

"ನಿನಗೆ ತಿಳಿದಿದ್ಯಾ?" ಸೊಬಿರ್ ಕೇಳಿದ.

"ನಾನು ತಾಷ್ಕೆಂಟಿನಲ್ಲಿ ಒಂದಕ್ಕೆ ಹೇಳಿಯಾಗಿದೆ. ಮಗಳ ನಿಶ್ಚಿತಾರ್ಥದ ಹೊತ್ತಿಗೆ ಮನೇಲಿರುತ್ತೆ."

ಅವನು ತಾಷ್ಕೆಂಟಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಆದರೆ ಕೂಟದಲ್ಲಿ ಕೂತಿದ್ದ ಹೊಶಿಮ್ ಅಜ್ಜ, ಮೊಹಲ್ಲಾದ ಹಿರಿಯರಿಗೆಲ್ಲ ಹಿರಿಯ, ಎರಡೂ ಕೈ ಎತ್ತಿ "ಒಳ್ಳೇದಾಗಲಿ ಮಗನೇ" ಎಂದು ಹರಸಿಬಿಟ್ಟರು. ಹಿರಿಯರು ಹರಸಿದ ಮಿಷನ್ನನ್ನು ತಾರದೆ ಇರುವುದು ಸಾಧ್ಯವೇ? ಮಾರನೆಯ ಬೆಳಿಗ್ಗೆ ಎರ್ಗಶ್ ತಾಷ್ಕೆಂಟಿನ ರೈಲಿನಲ್ಲಿದ್ದ.

ಮಿಷನ್ನು ಮಾರುವ ಅಂಗಡಿಯಲ್ಲಿ ಸಿಕ್ಕವನು ಸ್ಟಾನಿಸ್ಲಾವ್ ಎಂಬ ಎಳೆಯ ರಷ್ಯನ್ ಹುಡುಗ. ಒಳ್ಳೆಯವನು, ತಾಳ್ಮೆಯವನು, ಕೇಳಬೇಕಾದ್ದನ್ನೆಲ್ಲ ಸರಿಯಾಗಿ ಕೇಳಿದ. ಮುಂದೆ ನಡೆದದ್ದರಲ್ಲಿ ಅವನ ತಪ್ಪು ಸಾಸಿವೆಯಷ್ಟೂ ಇಲ್ಲ.

"ನಿಮ್ಮ ಸರಕು ಏನು ಸರ್?"

ಹಲ್ವಾ ಎಂದರೆ ಸಣ್ಣವನಾಗಿಬಿಡುತ್ತೇನೆ ಎನ್ನಿಸಿತು ಎರ್ಗಶ್‌ಗೆ. "ಎಲ್ಲಾ ತರದ್ದೂ," ಎಂದ.

"ಒಂದೊಂದೇ ಹೊದಿಸ್ತೀರೋ, ಗುಂಪು ಕಟ್ತೀರೋ? ನೀರಿನ ಬಾಟಲಿ ಆರಾರು ಸೇರಿಸಿ ಕಟ್ಟಿರ್ತಾರಲ್ಲ, ಹಾಗೆ?"

ಎರ್ಗಶ್ ತಲೆಯಾಡಿಸಿದ.

"ಯಾವುದಕ್ಕೆ ಹೌದು ಅಂದ್ರಿ?"

"ಎರಡಕ್ಕೂ."

ಹುಡುಗ ಎರಡು ಹಾಳೆ ತಂದು ಮುಂದಿಟ್ಟ. ಒಂದು ಈರುಳ್ಳಿ ಸಿಪ್ಪೆಯಂತೆ ತೆಳ್ಳಗೆ, ಮುಟ್ಟಿದರೆ ಪರಪರ ಸದ್ದು. ಇನ್ನೊಂದು ದಪ್ಪ, ಬಾಟಲಿಗೂ ನೆಲದ ಟೈಲ್ಸಿಗೂ ಹಾಕುವಂಥದ್ದು. ಎರ್ಗಶ್ ತೆಳ್ಳಗಿನದನ್ನು ಎಳೆದ; ಅದು ಕೈಗೆ ಬಂತು.

"ಹರಿದೇ ಹೋಯ್ತಲ್ಲಪ್ಪ!"

"ಹರೀಬೇಕು ಅಂತಾನೇ ಇರೋದು ಸರ್. ತಿನ್ನೋ ಪದಾರ್ಥ ಆದ್ರೆ ಗಿರಾಕಿ ಬಿಚ್ಚಬೇಕಲ್ಲ."

"ಹರಿಯೋ ಮಾಲು ಕೊಳ್ಳೋಕೆ ಕೋಕಂದದಿಂದ ಇಲ್ಲೀವರೆಗೂ ಬರ್ಬೇಕಿತ್ತಾ ನಾನು?" ಎಂದು ಎರ್ಗಶ್ ದಪ್ಪ ಹಾಳೆಯನ್ನು ಹಿಡಿದ. ಎರಡು ಕೈಯಲ್ಲಿ ಎಳೆದ, ಕಾಲಿನಲ್ಲಿ ಒಂದು ತುದಿ ಮೆಟ್ಟಿ ಎಳೆದ, ಬೆವರಿದ. ಹಾಳೆ ಜಗ್ಗಲಿಲ್ಲ. "ಇದಪ್ಪ ಹಾಳೆ ಅಂದ್ರೆ," ಎಂದ, ತಾನೇ ನೇಯ್ದವನ ಹಾಗೆ.

"ಇದಕ್ಕೆ ಮಿಷನ್ನಿನಲ್ಲಿ ಮಾಲು ಹಾದುಹೋಗೋ ಬಿಸಿ ಸುರಂಗ ಚೆನ್ನಾಗಿ ಕಾಯಬೇಕು, ಮಾಲೂ ಒಳಗೆ ಸ್ವಲ್ಪ ಹೊತ್ತು ಇರಬೇಕು. ನಿಮ್ಮ ಸರಕು ಬಿಸಿ ತಡೆಯುತ್ತಾ?"

"ನಮ್ಮ ಸರಕು ಹುಟ್ಟೋದೇ ಒಲೆ ಮೇಲೆ."

"ತ್ರೀ ಫೇಸ್ ಕರೆಂಟು ಇದೆ ತಾನೇ?"

"ಮೂರೇನು, ನಮ್ಮ ಬೀದಿ ಕಂಬದಲ್ಲಿ ಐದು ತಂತಿ ಇವೆ."

"ಹಾಳೆ ಮುದುರುವಾಗ ಒಳಗಿನ ಗಾಳಿ ಹೋಗೋಕೆ ಸಣ್ಣ ತೂತು ಚುಚ್ಚೋ ಸಾಧನ ಬರುತ್ತೆ. ಹಾಕಿಸಲಾ?"

"ಹೊಸ ಹಾಳೆಗೆ ನಾನೇ ತೂತು ಮಾಡಿಸ್ಲಾ?"

"ಈಚೆ ಬಂದ ಮಾಲು ಹಿಡಿಯೋಕೆ ಒಂದು ಮೇಜು?"

"ನಮಗೆ ಕೈ ಇವೆಯಪ್ಪ."

ಹುಡುಗ ಪೆನ್ನು ಕೆಳಗಿಟ್ಟ. "ಒಂದು ಕೆಲಸ ಮಾಡಿ ಸರ್. ನಿಮ್ಮ ಮಾಲು ಸ್ವಲ್ಪ ತನ್ನಿ, ಇಲ್ಲೇ ಹೊದಿಸಿ ನೋಡೋಣ. ಆಮೇಲೆ ನಿಧಾನವಾಗಿ ಆರಿಸಬಹುದು."

ಇದು ಬುದ್ಧಿವಂತರು ಹೇಳುವ ಮಾತು, ಬುದ್ಧಿವಂತರು ಕೇಳುವ ಮಾತು. ಎರ್ಗಶ್ ಬಹುಶಃ ಕೇಳುತ್ತಿದ್ದನೇನೋ. ಅಷ್ಟರಲ್ಲಿ ಹುಡುಗ ಮರ್ಯಾದೆಗೆಂದು ಒಂದು ದೊಡ್ಡ ಮಗ್ಗಿನಲ್ಲಿ ಚಹ ತಂದು ಮುಂದಿಟ್ಟ. ಮಗ್ಗು ತುಂಬಿ ತುಳುಕುತ್ತಿತ್ತು.

ನಮ್ಮ ಕಡೆ ಬಂದವರ ಪಿಯಾಲೆಗೆ, ಅಂದರೆ ಹಿಡಿಯಿಲ್ಲದ ಬಟ್ಟಲಿಗೆ, ಎರಡು ಗುಟುಕಿನಷ್ಟೇ ಚಹ ಬಗ್ಗಿಸುತ್ತಾರೆ. ಮುಗಿದಂತೆ ಮತ್ತೆ ಬಗ್ಗಿಸುತ್ತಾರೆ, ಮತ್ತೆ ಬಗ್ಗಿಸುತ್ತಾರೆ. ಕೂತವರು ಕೂತೇ ಇರಲಿ ಎಂಬ ಪ್ರೀತಿ ಅದು. ಪಿಯಾಲೆ ತುಂಬ ತುಂಬಿಸಿ ಕೊಟ್ಟರೆ ಕುಡಿದು ಜಾಗ ಖಾಲಿ ಮಾಡು ಎಂದು ಅರ್ಥ. ಆಫೀಸಿನ ಮಗ್ಗಿಗೆ ಈ ನಿಯಮ ಇಲ್ಲವೆಂದು ಎರ್ಗಶ್‌ಗೆ ಯಾರು ಹೇಳಬೇಕು? ಅವನು ಮಗ್ಗಿನ ಅಂಚನ್ನು ನೋಡಿದ, ಹುಡುಗನ ಮುಖ ನೋಡಿದ. ಮೊದಲು ಕಾಗದ ಅಂದರು. ಈಗ ಇವನು, ಮೀಸೆ ಬಾರದ ಪೋರ, ನೀನು ಕೊಳ್ಳುವ ಗಿರಾಕಿಯಲ್ಲ, ಎದ್ದು ಹೋಗು ಅನ್ನುತ್ತಿದ್ದಾನೆ!

"ನೋಡೋದೂ ಇಲ್ಲ, ಗೀಡೋದೂ ಇಲ್ಲ!" ಎಂದು ಎರ್ಗಶ್ ಎದ್ದು ನಿಂತ. "ಆ ಮೂಲೇಲಿರೋ ದೊಡ್ಡದು. ಈ ದಪ್ಪ ಹಾಳೆ. ಇವತ್ತೇ ಲಾರಿಗೆ ಹಾಕಿಸು!"

ಹುಡುಗ ಪಾಪ, ಚಹ ಆರಿಹೋಗುತ್ತಲ್ಲ ಎಂದಷ್ಟೇ ಹೇಳಿದ. ಎರ್ಗಶ್ ಅದಕ್ಕೂ ತಲೆಯಾಡಿಸಿ ಹೊರಟುಹೋದ.

ಮಿಷನ್ನು ಬಂದು ಅಂಗಡಿಯ ಬಾಗಿಲಲ್ಲಿ ಹಿಡಿಸದೆ, ಮನೆಯ ಅಂಗಳದಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ ಕೂತಿತು. ಒಂದು ಕಡೆ ಹಾಳೆ ಅಂಟಿಸಿ ಕತ್ತರಿಸುವ ಬಿಸಿ ಚೌಕಟ್ಟು, ನಡುವೆ ಉರುಳುವ ಪಟ್ಟಿ, ಆಮೇಲೆ ಕುರಿ ನುಸುಳುವಷ್ಟು ದೊಡ್ಡ ಸುರಂಗ. ಮೊಹಲ್ಲಾಕ್ಕೆ ಮೊಹಲ್ಲಾವೇ ಬಂದು ನೋಡಿತು. ಎರ್ಗಶ್ ಸ್ವಿಚ್ಚು ಒತ್ತಿದ. ಮಿಷನ್ನು ಒಮ್ಮೆ ಗೊರಕೆ ಹೊಡೆಯಿತು. ಬೀದಿಯ ಉದ್ದಕ್ಕೂ ಫ್ರಿಜ್ಜು, ಟೀವಿ, ಕ್ಷೌರದಂಗಡಿಯ ಫ್ಯಾನು ಎಲ್ಲ ನಿಂತವು.

ಕರೆಂಟ್ ಆಫೀಸಿನ ಇನ್ಸ್‌ಪೆಕ್ಟರು ಬಂದರು. ಬಂದವರು ಗದರುವ ಮೊದಲೇ ಇನೋಬತ್ ಅವರನ್ನು ಕೂರಿಸಿ, ಮುಂದೆ ತಂದೂರಿನಿಂದ ಆಗತಾನೇ ತೆಗೆದ ಎರಡು ದುಂಡು ರೊಟ್ಟಿ, ಕೆನೆ, ಚಹ ಇಟ್ಟಳು. ಬಾಯಲ್ಲಿ ರೊಟ್ಟಿ ಇಟ್ಟುಕೊಂಡು ಗದರುವುದು ಕಷ್ಟ. "ಮಗಳ ನಿಶ್ಚಿತಾರ್ಥ ಅಂತೀರಿ," ಎಂದರು ಇನ್ಸ್‌ಪೆಕ್ಟರು ಕೊನೆಗೆ. "ಅದು ಮುಗಿಯೋವರೆಗೆ ದೊಡ್ಡ ಕಂಬದಿಂದ ಒಂದು ತಂತಿ ಎಳೆಸ್ತೀನಿ. ಆದ್ರೆ ಇದೇನು ಮಾಡುತ್ತೆ ಅಂತ ನಾನೂ ನೋಡ್ಬೇಕು." ತಂತಿ ಬಂತು. ಸುರಂಗ ಕಾದಿತು.

ಎರ್ಗಶ್ ಮೊದಲ ಹಲ್ವಾ ಡಬ್ಬಿಗೆ ಹಾಳೆ ಹೊದಿಸಿ ಒಳಗೆ ಕಳಿಸಿದ. ಆ ಕಡೆಯಿಂದ ಅದು ಊದಿಕೊಂಡು, ಗುಂಡಗೆ, ಉರುಳುತ್ತ ಬಂತು.

"ಎರ್ಗಶ್, ನಿನ್ನ ಹಲ್ವಾ ಬಸುರಿ ಕಣೋ!" ಎಂದ ಸೊಬಿರ್. "ಯಾವಾಗ ಹೆರಿಗೆ?"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಇನೋಬತ್ ಒಳಗೆ ಹೋಗಿ, ರೊಟ್ಟಿಯ ನಡುವೆ ಚುಚ್ಚುವ ಮುಳ್ಳಿನ ಅಚ್ಚನ್ನು ತಂದು, ಹಾಳೆಯ ಮೇಲೆ ಟಕಟಕನೆ ಒತ್ತಿದಳು. ಎರಡನೆಯ ಡಬ್ಬಿ ಊದಲಿಲ್ಲ. ಹಾಳೆ ಚರ್ಮದಂತೆ ಅಂಟಿಕೊಂಡಿತ್ತು. ಆದರೆ ಒಳಗೆ ಹಲ್ವಾ ಎನ್ನುವ ಪದಾರ್ಥ ಇರಲಿಲ್ಲ. ಕಂದು ಬಣ್ಣದ ಪಾಯಸವೊಂದು ಅಚ್ಚಿನ ತೂತುಗಳಿಂದ ಸಣ್ಣಗೆ ಸೋರುತ್ತಿತ್ತು.

"ಇದು ಮಿಷನ್ನಿನ ತಪ್ಪಲ್ಲ," ಎಂದ ಎರ್ಗಶ್ ಗಂಭೀರವಾಗಿ. "ಹಲ್ವಾಕ್ಕೆ ಇನ್ನೂ ಅಭ್ಯಾಸ ಇಲ್ಲ."

ಹೊಶಿಮ್ ಅಜ್ಜ ಬೆರಳಲ್ಲಿ ನೆಕ್ಕಿ, ರುಚಿ ಏನೂ ಕೆಟ್ಟಿಲ್ಲ ಎಂದು ತೀರ್ಪು ಕೊಟ್ಟರು. ಇನ್ಸ್‌ಪೆಕ್ಟರೂ ಎದ್ದು ಬಂದು ಸೋರುವ ಕಡೆ ರೊಟ್ಟಿಯ ಚೂರು ಅದ್ದಿ ತಿಂದರು. ಇನ್ನೊಂದು ಚೂರು ಮುರಿಯಲು ಎರಡೂ ಕೈ ಬೇಕು, ಆದರೆ ಎಡಗೈಯಲ್ಲಿ ಎರಡನೆಯ ರೊಟ್ಟಿ ಇಡಿಯಾಗಿದೆ. ರೊಟ್ಟಿಯನ್ನು ನೆಲಕ್ಕಿಡುವಂತಿಲ್ಲ, ನಮ್ಮಲ್ಲಿ ಮಕ್ಕಳೂ ಆ ಪಾಪ ಮಾಡುವುದಿಲ್ಲ. ಅವರು ಸುತ್ತ ನೋಡಿ, ಪಕ್ಕದಲ್ಲಿ ಶುಭ್ರವಾಗಿ ಕಂಡ ಜಾಗದಲ್ಲಿ, ಅಂದರೆ ಚೌಕಟ್ಟಿನ ಹಾಳೆಯ ಮಡಿಕೆಯೊಳಗೆ, ಮರ್ಯಾದೆಯಿಂದ ಇಟ್ಟರು. ಚೌಕಟ್ಟಿಗೆ ಆತು ನಿಂತಿದ್ದ ಸೊಬಿರನ ಮೊಣಕೈ ಭಾರಕ್ಕೆ ಚೌಕಟ್ಟು ಕೆಳಗಿಳಿದು ಹಾಳೆ ಅಂಟಿಸಿತು, ಪಟ್ಟಿ ಉರುಳಿತು, ರೊಟ್ಟಿ ಸುರಂಗ ಹೊಕ್ಕಿತು.

"ಅಯ್ಯೋ ನನ್ನ ರೊಟ್ಟಿ!"

"ಆ ಕಡೆ ಬೀಳುತ್ತೆ, ನೆಲಕ್ಕೆ ಬೀಳುತ್ತೆ!" ಹೆಂಗಸರೆಲ್ಲ ಒಟ್ಟಿಗೆ ಕೂಗಿದರು. ಹಿಡಿಯುವ ಮೇಜು ಬೇಡವೆಂದಿದ್ದ ಎರ್ಗಶ್ ತನ್ನ ಎರಡು ಕೈಗಳನ್ನು ನೆನೆದು ಓಡಿದ, ಹಲ್ವಾ ಪಾಯಸದ ಮೇಲೆ ಜಾರಿದ, ಅಂಗಾತ ಬಿದ್ದ. ರೊಟ್ಟಿ ಅವನ ಹೊಟ್ಟೆಯ ಮೇಲೆ ಬಂದು ಕೂತಿತು.

ಯಾರೂ ನಗಲಿಲ್ಲ. ಎಲ್ಲರೂ ರೊಟ್ಟಿಯನ್ನೇ ನೋಡುತ್ತಿದ್ದರು. ತಂದೂರಿನಲ್ಲಿ ಬೆಂದು ಬಂದದ್ದಕ್ಕೆ ಈ ಸುರಂಗದ ಬಿಸಿ ಯಾವ ಲೆಕ್ಕ? ಎಳ್ಳಿನ ಒಂದೊಂದು ಕಾಳೂ ಕಾಣುವಂತೆ, ನಡುವಿನ ಅಚ್ಚಿನ ಹೂವು ಹೊಳೆಯುವಂತೆ, ಗಾಜಿನೊಳಗೆ ಕೂರಿಸಿದ ಹಾಗಿತ್ತು.

"ಆಹಾ," ಎಂದರು ಹೊಶಿಮ್ ಅಜ್ಜ.

ಎರ್ಗಶ್ ಬಿದ್ದಲ್ಲಿಂದಲೇ ಹೇಳಿದ: "ಇದಕ್ಕೇ ತಂದದ್ದು."

"ಹಲ್ವಾಕ್ಕೆ ಅಂದಿದ್ರಲ್ರೀ?" ಎಂದಳು ಇನೋಬತ್.

"ಹಲ್ವಾ ಅಂದೆನಾ? ಬಾಯಿ ತಪ್ಪಿರಬೇಕು."

ಇನ್ಸ್‌ಪೆಕ್ಟರು ಆ ರೊಟ್ಟಿಯನ್ನು ಮೇಲಧಿಕಾರಿಗೆ ತೋರಿಸುತ್ತೇನೆಂದು ಕಂಕುಳಲ್ಲಿಟ್ಟುಕೊಂಡು ಹೋದರು. ಸೊಬಿರ್ ಎರ್ಗಶ್‌ನನ್ನು ಎಬ್ಬಿಸುತ್ತ ಕಿವಿಯಲ್ಲಿ ಹೇಳಿದ: "ನಿಶ್ಚಿತಾರ್ಥದ ರೊಟ್ಟಿ ಹೀಗೆ ಹೊದಿಸಿ ಇಡು. ಮರ್ಗಿಲಾನದವರು ಇನ್ನೊಂದು ಸಲ ಕಾಗದ ಅಂತ ಬಾಯಿ ಬಿಟ್ರೆ ಕೇಳು." ಅವನು ತಮಾಷೆಗೆ ಹೇಳಿದನೋ ನಿಜಕ್ಕೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಎರ್ಗಶ್ ಮಾತ್ರ ತಲೆಯಾಡಿಸಿದ.

ನಮ್ಮಲ್ಲಿ ನಿಶ್ಚಿತಾರ್ಥವೆಂದರೆ ರೊಟ್ಟಿ ಮುರಿಯುವುದು. ಒಂದರ ಮೇಲೊಂದು ಎರಡು ರೊಟ್ಟಿ ಇಡುತ್ತಾರೆ, ಹಿರಿಯರೊಬ್ಬರು ಕೈಯಿಂದ ಮುರಿಯುತ್ತಾರೆ, ಎರಡು ಮನೆಯವರೂ ಒಂದೊಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಾರೆ. ಮುರಿದರೆ ಮಾತಾಯಿತು, ಮುರಿಯದಿದ್ದರೆ ಏನೂ ಆಗಲಿಲ್ಲ. ಆಮೇಲೆ ಪಲೋವ್ ಎಷ್ಟು ತಿಂದರೂ ಅದು ಬರೀ ಊಟ. ರೊಟ್ಟಿಗೆ ಎಂದೂ ಚಾಕು ತಾಗಿಸುವುದಿಲ್ಲ. ಇನ್ನು ಆ ದಿನದ ರೊಟ್ಟಿಗೆ ತಾಗಿಸಿದರಂತೂ ಸಂಬಂಧವನ್ನೇ ಕೊಯ್ದ ಹಾಗೆ. ಎರ್ಗಶ್‌ಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಆದರೂ ಆ ಬೆಳಿಗ್ಗೆ ಅವನು ಇನೋಬತ್ ತಂದೂರಿನ ಹತ್ತಿರ ಇದ್ದ ಹೊತ್ತು ನೋಡಿ ಎರಡು ರೊಟ್ಟಿಗಳನ್ನು ಜೊತೆಗೆ ಹೊದಿಸಿದ; ಹೊಳಪು ಸಾಲದೆಂದು ಅದರ ಮೇಲೆ ಇನ್ನೊಂದು ಹಾಳೆ ಹೊದಿಸಿ ಮತ್ತೆ ಸುರಂಗಕ್ಕೆ ಕಳಿಸಿದ.

ಮರ್ಗಿಲಾನದಿಂದ ಎರಡು ಕಾರು ಬಂದವು. ಹೆಂಗಸರು ಒಳಕೋಣೆಗೆ ಹೋದರು, ಗಂಡಸರು ಅಂಗಳದ ಕಡೆಯ ದೊಡ್ಡ ಕೋಣೆಯಲ್ಲಿ ಕೂತರು. ಹುಡುಗನ ತಂದೆ ಕೋಮಿಲ್ ಮಿತಭಾಷಿ, ಕಣ್ಣಲ್ಲೇ ಎಲ್ಲ ಅಳೆಯುವವರು. ಅವರ ತಮ್ಮ ಬೊತಿರ್ ಒಂದು ಕಾಲಕ್ಕೆ ಕಣದಲ್ಲಿ ಹೆಸರು ಮಾಡಿದ ಕುಸ್ತಿಪಟು; ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬಂದ. ಹಾಸಿದ ಬಟ್ಟೆಯ ನಡುವೆ ಹೊಳೆಯುತ್ತಿದ್ದ ರೊಟ್ಟಿಯನ್ನು ಕಂಡು ಕೋಮಿಲ್ ಹುಬ್ಬೇರಿಸಿದರು. ಎರ್ಗಶ್‌ಗೆ ಅಷ್ಟೇ ಸಾಕಾಯಿತು, ಎದೆ ಒಂದು ಗೇಣು ಅಗಲವಾಯಿತು.

ಹೊಶಿಮ್ ಅಜ್ಜ ತೋಳು ಮಡಿಸಿದರು. ಆ ಮೊಹಲ್ಲಾದಲ್ಲಿ ಅವರು ಮುರಿಯದ ನಿಶ್ಚಿತಾರ್ಥದ ರೊಟ್ಟಿಯಿಲ್ಲ. ದುವಾ ಹೇಳಿದರು, ರೊಟ್ಟಿ ಹಿಡಿದರು, ಮುರಿಯಹೋದರು. ರೊಟ್ಟಿ ಸ್ವಲ್ಪ ಬಾಗಿ ಮತ್ತೆ ನೆಟ್ಟಗಾಯಿತು.

"ಹಾಳೆ ತೆಗೀಬೇಕಲ್ವೇನೋ ಮಗನೇ?"

"ತೆಗೀರಿ ಅಜ್ಜ. ಸುಲಭ," ಎಂದ ಎರ್ಗಶ್.

ಅಜ್ಜ ಉಗುರು ಹಾಕಿದರು. ಅಂಚು ಹುಡುಕಿದರು, ಅಂಚು ಇರಲಿಲ್ಲ. ಹಲ್ಲು ಹಾಕಿದರು. ಅವರ ಮುಂದಿನ ಚಿನ್ನದ ಹಲ್ಲು ಕಟಕ್ ಎಂದಿತು. ಬಾಯಿ ಮುಚ್ಚಿಕೊಂಡು ಅವರು ರೊಟ್ಟಿಯನ್ನು ಸೊಬಿರನಿಗೆ ದಾಟಿಸಿದರು. ಸೊಬಿರ್ ಎಳೆದ, ಹಿಂಡಿದ, ಮಂಡಿಯ ನಡುವೆ ಇಟ್ಟು ತಿರುಚಿದ. "ಇದು ಬಾಟಲಿ ಹಾಳೆ ಕಣೋ ಪಾಪಿ," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ.

"ಇವರು ರೊಟ್ಟೀನ ನೋಡೋಕೆ ಇಟ್ಟಿರೋದಾ, ತಿನ್ನೋಕೆ ಇಟ್ಟಿರೋದಾ ಅಣ್ಣ?" ಬೊತಿರ್ ಕೇಳಿದ.

"ನೀನೇ ಒಂದು ಕೈ ನೋಡು," ಎಂದರು ಕೋಮಿಲ್.

ಬೊತಿರ್ ಎದ್ದ. ಎದುರಾಳಿಯ ಸೊಂಟ ಹಿಡಿಯುವ ಹಾಗೆ ರೊಟ್ಟಿಯನ್ನು ಹಿಡಿದು, ಕಾಲು ಅಗಲಿಸಿ, ಕೆಂಪಾಗಿ, "ಹಾ!" ಎಂದು ಅಮುಕಿದ. ಕಟಕಟಕಟ! ರೊಟ್ಟಿ ಮುರಿದ ಸದ್ದು ಎಲ್ಲರಿಗೂ ಕೇಳಿತು.

"ಆಮೀನ್!" ಎಂದು ಗಂಡಸರೆಲ್ಲ ಮುಖದ ಮೇಲೆ ಕೈ ಸವರಿಕೊಂಡರು. ಕೈ ತೆಗೆದು ನೋಡಿದರೆ ರೊಟ್ಟಿ ಚೂರು ಚೂರಾಗಿತ್ತು, ಸರಿ. ಆದರೆ ಚೂರುಗಳೆಲ್ಲ ಒಳಗೇ ಇದ್ದವು. ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು.

ಈಗ ಶುರುವಾಯಿತು ವಾದ.

"ಮುರೀತಲ್ಲ. ಆಯ್ತು," ಎಂದ ಸೊಬಿರ್.

"ಬಾಯಿಗೆ ಬಂತಾ? ಬರಲಿಲ್ಲ. ಬಾಯಿಗೆ ಬಾರದ್ದು ಹೇಗೆ ಆಯ್ತು?" ಎಂದ ಬೊತಿರ್.

"ಮುರಿಯೋದು ನಾನು," ಎಂದರು ಹೊಶಿಮ್ ಅಜ್ಜ ಬಾಯಿಗೆ ಕೈ ಅಡ್ಡ ಹಿಡಿದೇ. "ಅವನು ಮುರಿದದ್ದು ಲೆಕ್ಕಕ್ಕಿಲ್ಲ. ಗಂಡಿನ ಕಡೆಯವರು ಮುರಿಯೋ ಪದ್ಧತಿ ನಮ್ಮ ಮೊಹಲ್ಲಾದಲ್ಲಿಲ್ಲ."

"ಹಾಗಾದ್ರೆ ಮತ್ತೆ ಅಂಟಿಸಿ ಕೊಡ್ಲಾ?" ಎಂದು ಬೊತಿರ್ ಸೊಂಟದಿಂದ ಚಾಕು ತೆಗೆದ. "ಒಂದು ಸಣ್ಣ ಗೀರು ಹಾಕಿದ್ರೆ..."

ಕೋಣೆ ಒಟ್ಟಾಗಿ ಚೀರಿತು. ಹೊಶಿಮ್ ಅಜ್ಜ ಬೊತಿರನ ಮುಂಗೈಗೆ ಜೋತುಬಿದ್ದರು. "ಚಾಕು ತೆಗೀತೀಯಾ? ಸಂಬಂಧ ಮಾಡೋಕೆ ಬಂದ್ಯೋ, ಕೊಯ್ಯೋಕೆ ಬಂದ್ಯೋ!"

ಕೋಮಿಲ್ ಎರ್ಗಶ್‌ನ ಕಡೆ ತಿರುಗಿದರು. "ಬೀಗರೇ... ಬೀಗರು ಅನ್ನಬಹುದೋ ಇಲ್ವೋ, ಇನ್ನೂ ತೀರ್ಮಾನ ಆಗಿಲ್ಲ. ಇದನ್ನ ಬಿಚ್ಚೋದು ಹೇಗೆ?"

ಎರ್ಗಶ್ ತಲೆಯಾಡಿಸಿದ.

"ಹೇಗೆ ಅಂತ ಕೇಳಿದ್ದು ನಾನು."

"ಬಿಸಿಗೆ ಅಂಟಿದ್ದು ಬಿಸಿಗೇ ಬಿಡುತ್ತೆ," ಎಂದುಬಿಟ್ಟ ಎರ್ಗಶ್. ಮಾತು ಎಲ್ಲಿಂದ ಬಂತೋ ಅವನಿಗೇ ಗೊತ್ತಿಲ್ಲ.

ಗಂಡಸರೆಲ್ಲ ಮೆರವಣಿಗೆ ಹೊರಟು ಚಪ್ಪರದ ಕೆಳಗೆ ನಿಂತರು. ಸುರಂಗ ಕಾದಿತು. ಬೊತಿರನ ಹಿಡಿತಕ್ಕೆ ಸ್ವಲ್ಪ ಸಡಿಲವಾಗಿದ್ದ ಹಾಳೆ ಒಳಗೆ ಹೋಯಿತು. ಬಿಸಿಗೆ ಮುದುರುವುದೊಂದೇ ಆ ಹಾಳೆಗೆ ಗೊತ್ತಿದ್ದ ಕೆಲಸ. ಅದನ್ನು ಅದು ಮತ್ತೊಮ್ಮೆ ನಿಷ್ಠೆಯಿಂದ ಮಾಡಿತು. ಆ ಕಡೆಯಿಂದ ಬೊತಿರನ ಅಂಗೈಗೆ ಬಂದದ್ದು ಮುಷ್ಟಿಯಂತೆ ಬಿಗಿದ, ಕಲ್ಲಿನಷ್ಟು ಗಟ್ಟಿಯಾದ ಒಂದು ಉಂಡೆ. ಅಲ್ಲಾಡಿಸಿದರೆ ಈಗ ಸದ್ದೂ ಇಲ್ಲ.

"ಅಣ್ಣ," ಎಂದ ಬೊತಿರ್ ಮೆಲ್ಲಗೆ, ಈ ಸಲ ತಮಾಷೆಯ ದನಿಯಲ್ಲಲ್ಲ. "ಇದು ಒಳ್ಳೇ ಲಕ್ಷಣ ಅಲ್ಲ. ರೊಟ್ಟೀನೇ ಬೇಡ ಅಂತಿದೆ. ಎದ್ದು ಹೋಗೋಣ್ವಾ?"

ಕೋಮಿಲ್ ಟೋಪಿ ಸರಿಪಡಿಸಿಕೊಂಡು ಗೇಟಿನ ಕಡೆ ನೋಡಿದರು. ಎರ್ಗಶ್‌ಗೆ ಮೋಹಿರಾ ಬೆಳಿಗ್ಗೆಯಿಂದ ಎಷ್ಟು ಸಲ ಕನ್ನಡಿ ನೋಡಿಕೊಂಡಿದ್ದಳು, ಅಪ್ಪ ಬಂದರೆ ನಾಚಿ ಹೇಗೆ ಓಡಿದ್ದಳು ಎಂಬುದೆಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಆ ಹುಡುಗನನ್ನು ಅವಳು ಮೆಚ್ಚಿದ್ದಳು. ನಾನು ಕತ್ತೆ ಎಂದುಕೊಂಡ. ಮೀಸೆ ಹೊತ್ತ ಕತ್ತೆ, ರೈಲು ಹತ್ತಿ ತಾಷ್ಕೆಂಟಿಗೆ ಹೋದ ಕತ್ತೆ. ಅವನಿಗೆ ನಿಜವಾಗಿ ಅಳು ಬಂತು. ಬಾಯಿಬಿಟ್ಟು ಹೇಳುವ ಕೆಲಸ ಇನ್ನು ತನ್ನದೇ ಎಂದು, ಕಾಲೆಳೆದುಕೊಂಡು ಒಳಕೋಣೆಯ ಬಾಗಿಲಿಗೆ ಹೋಗಿ ಪರದೆ ಎತ್ತಿದ.

"ಇನೋಬತ್," ಎಂದ. "ಎಲ್ಲಾ ಮುಗೀತು ಕಣೇ."

"ಹೌದು ರೀ, ಆಗಲೇ ಮುಗೀತು," ಎಂದಳು ಇನೋಬತ್, ಬಾಯಲ್ಲಿದ್ದದ್ದನ್ನು ಅಗಿಯುತ್ತ.

ಎರ್ಗಶ್‌ಗೆ ಮೊದಲು ಕಂಡದ್ದು ಹಾಸಿದ ಬಟ್ಟೆಯ ಮೇಲಿನ ರೊಟ್ಟಿ ಚೂರುಗಳು. ಆಮೇಲೆ ಕಂಡದ್ದು ಹುಡುಗನ ತಾಯಿ. ಆಕೆ ಒಂದು ಚೂರಿಗೆ ಕೆನೆ ಹಚ್ಚಿ ಮೋಹಿರಾಳ ಬಾಯಿಗೆ ಇಡುತ್ತಿದ್ದರು. ಮೋಹಿರಾಳ ತಲೆಯ ಮೇಲೆ ಮರ್ಗಿಲಾನದ ಹೊಸ ರೇಷ್ಮೆ ಶಾಲು ಆಗಲೇ ಬಿದ್ದಾಗಿತ್ತು.

"ಇದು... ಇದು ಯಾರು ಮುರಿದದ್ದು?"

"ನಾವೇ. ಬೀಗಿತ್ತಿ ಅರ್ಧ, ನಾನರ್ಧ. ನೀವು ಅಲ್ಲಿ ರೊಟ್ಟಿ ಜೊತೆ ಕುಸ್ತಿ ಆಡ್ತಿದ್ರಿ. ಎಷ್ಟು ಹೊತ್ತು ಅಂತ ಕಾಯೋದು, ಬೀಗಿತ್ತಿ ಹಸಿವು ಅಂದ್ರು. ತಂದೂರಿನಲ್ಲಿ ಬಿಸಿ ರೊಟ್ಟಿ ಇತ್ತು. ಮುರಿದ್ವಿ, ತಿಂದ್ವಿ, ದಿನಾನೂ ಗೊತ್ತು ಮಾಡಿದ್ವಿ. ದ್ರಾಕ್ಷಿ ಹಣ್ಣಾದ ಮೇಲೆ, ಮದುವೆ."

ಸುದ್ದಿ ಅಂಗಳಕ್ಕೆ ಬಂದಾಗ ಕೋಮಿಲ್ ಟೋಪಿಯಿಂದ ಕೈ ತೆಗೆದರು. ಬೊತಿರ್ ಉಂಡೆಯನ್ನು ಏನು ಮಾಡಬೇಕೆಂದು ತಿಳಿಯದೆ ಎದೆಗೆ ಅವಚಿಕೊಂಡೇ ನಿಂತಿದ್ದ, ನೆಲಕ್ಕಿಡುವಂತಿಲ್ಲವಲ್ಲ.

"ಹಾಗಾದ್ರೆ ನಮ್ಮದು?" ಎಂದರು ಹೊಶಿಮ್ ಅಜ್ಜ, ತುಂಬ ನೊಂದು.

"ಅದು ಗಂಡಸರ ರೊಟ್ಟಿ ಅಜ್ಜ," ಎಂದಳು ಇನೋಬತ್ ಪರದೆಯ ಹಿಂದಿನಿಂದ. "ಅವಸರ ಏನಿಲ್ಲ, ನಿಧಾನವಾಗಿ ಮುರೀರಿ. ಮೊಮ್ಮಕ್ಕಳ ಹೊತ್ತಿಗಾದ್ರೂ ಆದ್ರೆ ಸಾಕು." ಒಳಗಿನಿಂದ ಹೆಂಗಸರ ನಗು ಉಕ್ಕಿ ಬಂತು, ಅದರಲ್ಲಿ ಹುಡುಗನ ತಾಯಿಯ ನಗುವೇ ಎಲ್ಲಕ್ಕಿಂತ ದೊಡ್ಡದಾಗಿತ್ತು.

ಪಲೋವ್ ಬಂತು. ಉಂಡೆಯನ್ನು ಮರ್ಯಾದೆಯಿಂದ ಗೋಡೆಯ ಗೂಡಿನಲ್ಲಿಟ್ಟರು. ಎರ್ಗಶ್ ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ಸೊಬಿರ್ ಕೂಡ ಕಿಚಾಯಿಸದೆ ತನ್ನ ಪಾಲಿನ ಮಾಂಸದ ತುಂಡನ್ನು ಅವನ ಕಡೆ ಸರಿಸಿದ, ಅಷ್ಟು ಪಾಪ ಅನ್ನಿಸಿತ್ತು. ಕೋಮಿಲ್ ಪಕ್ಕಕ್ಕೆ ಸರಿದು ಕೂತು, ದನಿ ತಗ್ಗಿಸಿ ಕೇಳಿದರು.

"ಬೀಗರೇ, ಇನ್ನು ನಾವು ಹೊರಗಿನವರಲ್ಲ. ನಿಜ ಹೇಳಿ. ಅದನ್ನ ಬಿಚ್ಚೋದು ಹೇಗೆ?"

ಎರ್ಗಶ್ ತುತ್ತು ನುಂಗಿದ. ಇಷ್ಟು ಒಳ್ಳೆಯ ಮನುಷ್ಯನಿಗೆ, ಈ ದಿನ, ಇನ್ನೊಂದು ಸುಳ್ಳು ಹೇಳಲು ಅವನಿಗೆ ಮನಸ್ಸು ಬರಲಿಲ್ಲ. "ನನಗೆ ಗೊತ್ತಿಲ್ಲ ಬೀಗರೇ," ಎಂದ. "ದೇವರಾಣೆ ಗೊತ್ತಿಲ್ಲ. ಆ ಮಿಷನ್ನಿನ ವಿಷಯ ನನಗೆ ಏನೇನೂ ಗೊತ್ತಿಲ್ಲ. ಸುಮ್ನೆ ಬೆರಳು ತೋರಿಸಿ ತಂದೆ."

ಕೋಮಿಲ್ ಮೆಲ್ಲಗೆ ನಕ್ಕು ಅವನ ಬೆನ್ನು ತಟ್ಟಿದರು.

"ಭೇಷ್. ವ್ಯಾಪಾರಸ್ಥ ಅಂದ್ರೆ ಹೀಗಿರಬೇಕು. ಬೀಗರಿಗೂ ಗುಟ್ಟು ಬಿಟ್ಟುಕೊಡಬಾರದು," ಎಂದರು. "ನಮ್ಮ ಬೊತಿರ್ ಕೈಗೇ ಬಗ್ಗದ ಹಾಳೆ ಆರಿಸಿ ತಂದಿದ್ದೀರಲ್ಲ, ಅದೇನು ಸಾಮಾನ್ಯರ ಕೆಲಸವಾ? ನಮ್ಮ ರೇಷ್ಮೆ ಥಾನುಗಳಿಗೂ ಒಂದು ಮಿಷನ್ನು ಬೇಕು, ಯಾರನ್ನ ಕೇಳೋದು ಅಂತ ವರ್ಷದಿಂದ ಯೋಚಿಸ್ತಿದ್ದೆ. ನಾಳೆ ನನ್ನ ಜೊತೆ ತಾಷ್ಕೆಂಟಿಗೆ ಬರ್ತೀರಿ. ನೀವು ಯಾವುದಕ್ಕೆ ಬೆರಳು ತೋರಿಸ್ತೀರೋ, ಅದೇ."